ಕತ್ತಿಯ ಮೇಲೆ ಕೆಂಪು

ವಿರಾಜಪೇಟೆಯ ಕಾಲೇಜಿನಲ್ಲಿ, ಸೈಕಲ್ ಸ್ಟ್ಯಾಂಡಿನ ಹಿಂದೆ,
ನನ್ನ ಲ್ಯಾಬು.
ಒಂದು ಕಿಟಕಿ ತೆರೆಯುವುದಿಲ್ಲ, ಇನ್ನೊಂದು ಮುಚ್ಚುವುದಿಲ್ಲ.
ನಡುವೆ ಎಣ್ಣೆಯ ಬಾಣಲೆಯಲ್ಲಿ ಕೂತ
ದುಂಡುಹೊಟ್ಟೆಯ ಗಾಜಿನ ಬುರುಡೆ,
ಅದರೊಳಗೆ ಎಂಟು ತಾಸಿನಿಂದ ಕುದಿಯುತ್ತಿರುವ ತಾಮ್ರ.

ಕರೆಂಟು ಹೋದರೆ ಎಲ್ಲ ಮೊದಲಿಂದ.
ಹೋಗುತ್ತದೆ. ಮೊದಲಿಂದ.

ನಲವತ್ತಾರನೆಯದು ಇದು.
ಹಿಂದಿನವು ಕೆಲವು ಕಂದು ರಾಡಿಯಾಗಿ ತಳ ಹಿಡಿದವು,
ಕೆಲವು ಯಾವುದರಲ್ಲೂ ಕರಗದೆ ಹಟ ಮಾಡಿದವು,
ಹನ್ನೊಂದನೆಯದನ್ನು ಇಲಿ ಉರುಳಿಸಿತು.
ಇದು ಮಾತ್ರ ಮೂರನೆಯ ದಿನ ಬೆಳಿಗ್ಗೆ
ಗಾಜಿನ ಗೋಡೆಗೆ ಹರಳುಗಟ್ಟಿ ನಿಂತಿತ್ತು,
ಕಡು ಹಸಿರು, ಸೂಜಿ ಸೂಜಿ.
ಅಟೆಂಡರ್ ಮೊಯ್ದು ಅವರನ್ನು ಕರೆದು ತೋರಿಸಿದೆ.
"ಚೆಂದ ಉಂಟು," ಅಂದರು. "ತಿನ್ನುವುದಾ, ಹಚ್ಚುವುದಾ?"

ಐದೂಕಾಲರ ಬಸ್ಸು.
ಟಿಫಿನ್ ಡಬ್ಬಿಯಲ್ಲಿ ಹತ್ತಿ ಸುತ್ತಿದ ಆರು ಶೀಶೆ.
ಆನೆಚೌಕೂರು ಗೇಟಿನಲ್ಲಿ ಬಸ್ಸು ಜಗ್ಗಿದಾಗ
ಮಡಿಲಿಗೆ ಒತ್ತಿ ಹಿಡಿದೆ.
ಪಕ್ಕದಲ್ಲಿ ಪಾಲಿ, ಅಣ್ಣನ ತೋಟದ ಚಾತನ ಹೆಂಡತಿ.
ತಲೆಗೆ ಟವೆಲ್ಲು, ಕೈಯಲ್ಲಿ ಆಸ್ಪತ್ರೆಯ ನೀಲಿ ಫೈಲು,
ಐದನೆಯ ಡ್ರಿಪ್ಪಿಗೆ ಹೊರಟಿದ್ದಳು.
ನಿನ್ನ ನರದೊಳಗೆ ಇಳಿಯುವುದು ಪ್ಲಾಟಿನಮ್ಮು,
ಚಿನ್ನದಂಗಡಿಯವರೂ ಮಾರುತ್ತಾರೆ, ಎಂದೆ.
ಬರಿ ಕಿವಿ ಮುಟ್ಟಿಕೊಂಡು ನಕ್ಕಳು:
"ಹೊರಗೆ ಹಾಕಿಕೊಳ್ಳೋಕೆ ಆಗಲಿಲ್ಲ, ಒಳಗಾದರೂ ಆಯ್ತಲ್ಲ."
ಹುಣಸೂರು ಬರುವ ಮೊದಲೇ ಎರಡು ಸಲ ವಾಂತಿ.
ಡಬ್ಬಿಯ ಮುಚ್ಚಳ ಮಾತ್ರ ಕೊಡಲಾಯಿತು.
ಡಬ್ಬಿ ತುಂಬಿತ್ತು.

ಮೈಸೂರಿನಲ್ಲಿ ಅವಳು ಆ ಕಡೆ, ನಾನು ಈ ಕಡೆ.
ಇಲ್ಲೊಂದು ಪೆಟ್ಟಿಗೆ, ಒಳಗೆ ಮೈಶಾಖದಷ್ಟೇ ಬಿಸಿ.
ಎಂದೋ ತೀರಿಕೊಂಡ ಯಾರೋ ಒಬ್ಬಳ ಗಡ್ಡೆಯ ಕೋಶಗಳು
ಅದರಲ್ಲಿ ಇನ್ನೂ ಹೊಟ್ಟೆತುಂಬ ಉಂಡು ಬೆಳೆಯುತ್ತಿವೆ.
ನನ್ನ ಹಸಿರು ಅವಕ್ಕೆ.

ಎರಡು ವಾರ ಕಳೆದು ಬಂದ ಕಾಗದದಲ್ಲಿ ಎರಡೇ ಸಾಲು.
ಗಡ್ಡೆಯ ಕೋಶ: ಸತ್ತಿವೆ.
ನೆಟ್ಟಗಿದ್ದ ಕೋಶ: ಅವೂ.

ಭಾನುವಾರ ಅಮ್ಮತ್ತಿಯ ತೋಟದಲ್ಲಿ
ಚಾತ ಬೋರ್ಡೋ ಕಲಸುತ್ತಿದ್ದ.
ಒಂದು ಡ್ರಮ್ಮಿನಲ್ಲಿ ಮೈಲುತುತ್ತ, ಒಂದರಲ್ಲಿ ಸುಣ್ಣ,
ಎರಡನ್ನೂ ಮೂರನೆಯದಕ್ಕೆ ಸುರಿದು, ಕೋಲಾಡಿಸಿ,
ಸೊಂಟದ ಕತ್ತಿ ತೆಗೆದು ಅದ್ದಿ ಹಿಡಿದ.
ಬೀಡಿ ಅರ್ಧ ಮುಗಿಯುವಷ್ಟು ಹೊತ್ತು.
ಎತ್ತಿದರೆ ಅಲಗಿನ ಮೇಲೆ ಕೆಂಪು. ತುಕ್ಕಲ್ಲ, ತಾಮ್ರ.
"ಸುಣ್ಣ ಸಾಲದು. ಹೀಗೇ ಹೊಡೆದರೆ
ರೋಗದ ಜೊತೆ ಎಲೆಯೂ ಸುಟ್ಟುಹೋಗ್ತದೆ."
ಒಂದು ಬೊಗಸೆ ಹಾಕಿದ. ಒರೆಸಿ ಮತ್ತೆ ಅದ್ದಿದ.
ಕತ್ತಿ ಕತ್ತಿಯಾಗಿಯೇ ಮೇಲೆ ಬಂತು.

ಹದಿನೇಳು ವರ್ಷದಿಂದ ಬೋರ್ಡಿನ ಮೇಲೆ ಬರೆದಿದ್ದೇನೆ,
ಕಬ್ಬಿಣ ಕರಗುತ್ತದೆ, ತಾಮ್ರ ಕೂರುತ್ತದೆ,
ಎರಡು ಎಲೆಕ್ಟ್ರಾನಿನ ಲೇವಾದೇವಿ.
ಅದನ್ನೇ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುವವನನ್ನು
ನೋಡಿರಲಿಲ್ಲವೆಂದಲ್ಲ.
ದಿನಾ ನೋಡುತ್ತಿದ್ದೆ, ಕೂಲಿ ಲೆಕ್ಕದ ಪುಸ್ತಕದಲ್ಲಿ.

ನಲವತ್ತಾರನೆಯದರಲ್ಲಿ ತಾಮ್ರ ಸಡಿಲ.
ಹಿಡಿದಿರುವ ಕೈ ಎರಡೇ,
ಉಪ್ಪುನೀರು ಸೋಕಿದೊಡನೆ ಕಳಚಿಕೊಂಡು
ಸಿಕ್ಕಿದ್ದನ್ನೆಲ್ಲ ಸುಡುತ್ತದೆ.
ಇನ್ನೊಂದು ಕೈ ಬೇಕು, ಗಂಧಕದ್ದೋ ಸಾರಜನಕದ್ದೋ,
ದಾರಿಯಲ್ಲಿ ಬಿಡದ, ಮನೆ ಬಾಗಿಲಲ್ಲಿ ಬಿಡುವ ಕೈ.
ಅಂಥದ್ದು ಇದೆಯೋ ಇಲ್ಲವೋ.

"ನಿಮ್ಮ ಮದ್ದು ಪಾಲಿಗೆ ಸಿಗ್ತದಾ ಅಕ್ಕ?"
ಹತ್ತು ವರ್ಷ ಎನ್ನಲಿಲ್ಲ.
ಇಲಿ, ಮೊಲ, ಅರ್ಜಿ, ಅನುಮತಿ ಎನ್ನಲಿಲ್ಲ.
ಇಲ್ಲ, ಎಂದೆ.
ತಲೆಯಾಡಿಸಿ ಪಂಪು ಹೆಗಲಿಗೇರಿಸಿದ.
ಅವನ ಅಂಗಿಯ ಬೆನ್ನೆಲ್ಲ ನೀಲಿ,
ಎಷ್ಟು ತಿಕ್ಕಿದರೂ ಹೋಗದ ನನ್ನ ಉಗುರಿನದೇ ನೀಲಿ.

ಸೋಮವಾರ. ಎಣ್ಣೆ ಕಾಯುತ್ತಿದೆ.
ಚೀಟಿ ಅಂಟಿಸುತ್ತ ಮೊಯ್ದು ಕೇಳುತ್ತಾರೆ, ನಲವತ್ತೇಳಾ?
ಬರೆಯಿರಿ ಎನ್ನುತ್ತೇನೆ.

ಗುರುವಾರ ಪಾಲಿಗೆ ಆರನೆಯದು.
ಐದೂಕಾಲರ ಬಸ್ಸಿಗೆ ನಾನೂ ಹೋಗುತ್ತೇನೆ.
ಒಯ್ಯಲು ಶೀಶೆ ಏನೂ ಇಲ್ಲ ಈ ಸಲ,
ಡಬ್ಬಿ ಖಾಲಿ ಇದೆ, ಅವಳಿಗೆ.